ಬಿಸಿನೀರಿನ ಲೈನ್ ಬದಲಿಸಲು ಪ್ಲಂಬರ್ ಖರ್ಚು ಎಷ್ಟು? ಕರೆಸುವ ಮುಂಚೆ ಹಾಕಬೇಕಾದ ಲೆಕ್ಕ

‘ಮನೆಗೆ ಸೋಲಾರ್ ಹಾಕಿಸಬೇಕು, ಎಷ್ಟಾಗುತ್ತೆ?’ ಎಂದು ಪ್ಲಂಬರ್‌ಗೆ ಫೋನ್ ಮಾಡಿ ಕೇಳಿದರೆ ಸಿಗುವ ಉತ್ತರ ಒಂದೇ: ‘ಬಂದು ನೋಡ್ಬೇಕು ಸಾರ್.’ ಜಾರಿಕೊಳ್ಳುವ ಮಾತಿನಂತೆ ಕೇಳಿಸಿದರೂ ಅದು ಸರಿಯಾದ ಉತ್ತರವೇ. ಫೋನಿನಲ್ಲೇ ಮೊತ್ತ ಹೇಳಿಬಿಡುವವರ ಬಗ್ಗೆ ಹುಷಾರಾಗಿರಿ. ಅವರು ಹೇಳುವುದು ಬರೀ ಕೂಲಿ. ಬಿಸಿನೀರಿನ ಕೆಲಸದಲ್ಲಿ ದುಡ್ಡು ಹೋಗುವುದು ಕೂಲಿಗಲ್ಲ, ಪೈಪಿನ ಉದ್ದ, ಟ್ಯಾಂಕಿನ ಎತ್ತರ ಮತ್ತು ಒಡೆದ ಗೋಡೆಗೆ.

ಕರ್ನಾಟಕದ ಮನೆಗಳಲ್ಲಿ ಕೋಣೆ ಬೆಚ್ಚಗಿಡುವ ಲೈನ್ ಇರುವುದಿಲ್ಲ. ಹಾಗಾಗಿ ಇಲ್ಲಿ ಹೇಳುವುದೆಲ್ಲ ಸ್ನಾನದ ಮತ್ತು ಅಡುಗೆಮನೆಯ ಬಿಸಿನೀರಿನ ಮಾತು: ಗೀಸರ್ ಬದಲಿಸುವುದು, ಸೋಲಾರ್ ಹಾಕಿಸುವುದು, ಎರಡನ್ನೂ ಜೋಡಿಸುವುದು. ದರಗಳೆಲ್ಲ ಬೆಂಗಳೂರಿನ ಅಂದಾಜು. ಜಿಲ್ಲಾ ಕೇಂದ್ರಗಳಲ್ಲಿ ಕೂಲಿ ಇದಕ್ಕಿಂತ ಕಡಿಮೆ ಇರಬಹುದು, ಪೈಪಿನ ಬೆಲೆಯಲ್ಲಿ ಅಷ್ಟೇನೂ ವ್ಯತ್ಯಾಸ ಇರುವುದಿಲ್ಲ.

ಮೊದಲು ಟೇಪು ಹಿಡಿದು ತಾರಸಿಗೆ ಹತ್ತಿ

ಪ್ಲಂಬರ್ ಬಂದು ನೋಡುವುದನ್ನು ನೀವೇ ಮೊದಲು ಅಳೆದು ಬರೆದಿಟ್ಟುಕೊಂಡರೆ ಮೂವರಿಂದ ದರ ಕೇಳಿ ಹೋಲಿಸಬಹುದು. ಇಲ್ಲದಿದ್ದರೆ ಒಬ್ಬೊಬ್ಬರೂ ಒಂದೊಂದು ಕೆಲಸ ಮನಸ್ಸಿನಲ್ಲಿಟ್ಟುಕೊಂಡು ಒಂದೊಂದು ರೇಟು ಹೇಳುತ್ತಾರೆ.

ತಾರಸಿಯಿಂದ ತಣ್ಣೀರಿನ ಟ್ಯಾಂಕಿನ ತಳಕ್ಕೆ ಎಷ್ಟು ಎತ್ತರ ಎಂಬುದು ಎಲ್ಲಕ್ಕಿಂತ ಮುಖ್ಯ. ಪಂಪಿಲ್ಲದ ಸಾಮಾನ್ಯ ಸೋಲಾರ್‌ಗೆ ತಣ್ಣೀರು ತಾನಾಗಿ ಇಳಿದು ಬರಬೇಕು. 200 ಲೀಟರಿನ ಗಾಜಿನ ಟ್ಯೂಬ್ ಸೋಲಾರ್‌ನ ನೆತ್ತಿ ತಾರಸಿಯಿಂದ ಐದಾರು ಅಡಿ ಮೇಲಿರುತ್ತದೆ. ಸಿಂಟೆಕ್ಸ್ ಟ್ಯಾಂಕಿನ ತಳ ಅದಕ್ಕಿಂತ ಒಂದಡಿಯಾದರೂ ಮೇಲಿರಬೇಕು, ಅಂದರೆ ಸುಮಾರು 7 ಅಡಿ. ಹಳೆಯ ಮನೆಗಳಲ್ಲಿ ಟ್ಯಾಂಕು ಎರಡಡಿ ಕಟ್ಟೆಯ ಮೇಲೆ ಕೂತಿರುತ್ತದೆ. ಅಲ್ಲಿ ಕಬ್ಬಿಣದ ಸ್ಟ್ಯಾಂಡ್ ಮಾಡಿಸಲೇಬೇಕು. ಇದು ವೆಲ್ಡಿಂಗ್ ಅಂಗಡಿಯ ಖರ್ಚು. ಪ್ಲಂಬರ್ ಕೊಟೇಶನ್‌ನಲ್ಲಿ ಇರುವುದೇ ಇಲ್ಲ.

ಆಮೇಲೆ, ಸೋಲಾರ್ ಕೂರಿಸುವ ಜಾಗದಿಂದ ಕಟ್ಟಕಡೆಯ ಬಚ್ಚಲಿನವರೆಗೆ ಪೈಪು ಹೋಗುವ ದಾರಿಯನ್ನು ಅಡಿ ಲೆಕ್ಕದಲ್ಲಿ ಅಳೆಯಿರಿ. ಗಾಳಿಯಲ್ಲಿ ನೇರಗೆರೆ ಎಳೆದರೆ ಸಾಲದು, ಪ್ಯಾರಪೆಟ್ ಹತ್ತಿ ಇಳಿದು, ಸಜ್ಜ ಸುತ್ತಿ ಹೋಗುವ ದಾರಿ ಬೇಕು. ಜಾಗಕ್ಕೆ ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರು ನಾಲ್ಕರವರೆಗೆ ಬಿಸಿಲು ಬೀಳುತ್ತದೆಯೇ ನೋಡಿ. ಕಲೆಕ್ಟರ್ (ಬಿಸಿಲು ಹೀರುವ ಟ್ಯೂಬ್‌ಗಳ ಭಾಗ) ಮುಖ ದಕ್ಷಿಣಕ್ಕೆ ಇರಬೇಕು. ಬಿಸಿನೀರು ಹೆಚ್ಚು ಬೇಕಾಗುವುದು ಡಿಸೆಂಬರ್, ಜನವರಿಯಲ್ಲಿ. ಆಗ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ದಕ್ಷಿಣ ಪಕ್ಕದ ಮನೆಯವರ ಎತ್ತರದ ಗೋಡೆಯ ನೆರಳು ಬೇಸಿಗೆಗಿಂತ ತುಂಬ ಉದ್ದ ಚಾಚುತ್ತದೆ. ಏಪ್ರಿಲ್‌ನಲ್ಲಿ ಜಾಗ ನೋಡಿ ಒಪ್ಪಿಕೊಂಡವರಿಗೆ ಚಳಿಗಾಲದಲ್ಲಿ ಕಾಡುವುದು ಇದೇ.

ಕೊನೆಯದಾಗಿ, ಬಚ್ಚಲಿನ ಗೋಡೆಯೊಳಗೆ ಬಿಸಿನೀರಿನ ಲೈನ್ ಈಗಾಗಲೇ ಇದೆಯೇ, ಇದ್ದರೆ ಯಾವ ಪೈಪು? ಕೆನೆ ಬಣ್ಣದ ಸಿಪಿವಿಸಿ (ಬಿಸಿ ತಾಳುವ ಪ್ಲಾಸ್ಟಿಕ್ ಪೈಪು) ಇದ್ದರೆ ಸಲೀಸು. ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣದ ಪೈಪು) ಇದ್ದರೆ ಒಳಗೆ ಸುಣ್ಣ, ತುಕ್ಕು ಕಟ್ಟಿರುವ ಸಾಧ್ಯತೆ ಹೆಚ್ಚು. ಅದಕ್ಕೆ ಹೊಸ ಸೋಲಾರ್ ಜೋಡಿಸಿದರೂ ನಲ್ಲಿಯಲ್ಲಿ ಬರುವುದು ಸಣ್ಣ ಧಾರೆಯೇ. ಬಿಳಿ ಪಿವಿಸಿ ಇದ್ದರೆ ಬಿಸಿನೀರಿಗೆ ಅದು ಆಗುವುದಿಲ್ಲ, ಗೋಡೆ ಒಡೆಯದೆ ವಿಧಿಯಿಲ್ಲ.

ಗೀಸರ್ ಮಾತ್ರ ಬದಲಿಸುವುದಾದರೆ

ಇದು ಒಂದು ಗಂಟೆಯ ಕೆಲಸ. ಹಳೆಯದನ್ನು ಇಳಿಸಿ ಹೊಸದನ್ನು ಕೂರಿಸಲು 500ರಿಂದ 900 ರೂಪಾಯಿ, ಎರಡು ಕನೆಕ್ಷನ್ ಪೈಪಿಗೆ 300ರಿಂದ 600. ಸ್ಟೀಲ್ ಹೆಣಿಗೆಯ ಪೈಪೇ ಬೇಕೆಂದು ಕೇಳಿ. 15 ಲೀಟರಿನ ಜಾಗಕ್ಕೆ 25 ಲೀಟರಿನದು ಬರುವುದಾದರೆ ಹಳೆಯ ಹುಕ್‌ಗಳು ಹೊಂದುವುದಿಲ್ಲ. ನೀರು ತುಂಬಿದ 25 ಲೀಟರ್ ಗೀಸರ್ 35 ಕೆಜಿ ದಾಟುತ್ತದೆ. ಟೊಳ್ಳು ಬ್ಲಾಕಿನ ಗೋಡೆಯಲ್ಲಿ ಮಾಮೂಲಿ ಆಂಕರ್ ಬೋಲ್ಟ್ ಹಿಡಿಯುವುದಿಲ್ಲ. ಆ ಗೋಡೆಗೆ ತೂರು ಬೋಲ್ಟ್ ಹಾಕಿ ಹಿಂದೆ ಪಟ್ಟಿ ಕೊಡಬೇಕು.

ಗೀಸರ್‌ನ ತಣ್ಣೀರಿನ ಬಾಯಿಗೆ ಬರುವ ಸೇಫ್ಟಿ ವಾಲ್ವ್‌ನಿಂದ ನೀರು ಕಾಯುವಾಗ ಹನಿ ಬೀಳುತ್ತದೆ. 15 ಲೀಟರ್ ನೀರು 22 ಡಿಗ್ರಿಯಿಂದ 60ಕ್ಕೆ ಏರಿದರೆ ಸುಮಾರು 200 ಮಿಲಿ ಲೀಟರಿನಷ್ಟು ಹಿಗ್ಗುತ್ತದೆ. ಹಿಗ್ಗಿದ ನೀರಿಗೆ ಹೊರಹೋಗಲು ಇರುವ ದಾರಿ ಅದು. ‘ಲೀಕ್ ಆಗ್ತಿದೆ’ ಎಂದು ಅದಕ್ಕೆ ಪ್ಲಗ್ ಹಾಕುವ, ಎಂಸೀಲ್ ಮೆತ್ತುವ ಪ್ಲಂಬರ್‌ಗಳಿದ್ದಾರೆ. ಅಂಥವರಿಗೆ ಆ ದಿನದ ಕೂಲಿ ಕೊಟ್ಟು ಕಳಿಸುವುದು ಒಳ್ಳೆಯದು. ಬೇಕಿದ್ದರೆ ಆ ಹನಿಗೆ ಒಂದು ಸಣ್ಣ ಟ್ಯೂಬ್ ಸಿಕ್ಕಿಸಿ ನೆಲದ ಜಾಲರಿಯವರೆಗೆ ಬಿಡಿ, ತುದಿ ಮಾತ್ರ ತೆರೆದೇ ಇರಲಿ.

ವಿದ್ಯುತ್ ಕಡೆಯದು ಪ್ಲಂಬರ್ ಕೆಲಸವಲ್ಲ. 2 ಕಿಲೋವ್ಯಾಟ್ ಗೀಸರ್ ಸುಮಾರು 9 ಆಂಪಿಯರ್, 3 ಕಿಲೋವ್ಯಾಟಿನದು 13 ಆಂಪಿಯರ್ ಎಳೆಯುತ್ತದೆ. 16 ಆಂಪಿಯರ್ ಸಾಕೆಟ್, ಡಿಬಿಯಿಂದ (ಮನೆಯ ಸ್ವಿಚ್ ಪೆಟ್ಟಿಗೆ) ಪ್ರತ್ಯೇಕ ಲೈನ್, ಸರಿಯಾದ ಅರ್ಥಿಂಗ್, 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಆರುವ ಸ್ವಿಚ್) ಇವಿಷ್ಟೂ ಇವೆಯೇ ಎಂದು ಎಲೆಕ್ಟ್ರಿಷಿಯನ್ ನೋಡಲಿ. ಗ್ಯಾಸ್ ಗೀಸರ್ ವಿಚಾರದಲ್ಲಿ ಒಂದೇ ಮಾತು: ಮುಚ್ಚಿದ ಬಚ್ಚಲಿನೊಳಗೆ ಬೇಡ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇರುವುದಿಲ್ಲ.

ಕೂಲಿ ಕೇಳುವ ಮೂರು ಬಗೆ

ದಿನಗೂಲಿ: ಪ್ಲಂಬರ್‌ಗೆ 1,100ರಿಂದ 1,500, ಹೆಲ್ಪರ್‌ಗೆ 700ರಿಂದ 900. ಕೆಲಸ ಎಷ್ಟೆಂದು ಖಚಿತವಿಲ್ಲದ ಹಳೆಯ ಮನೆಗೆ ಇದೇ ವಾಸಿ. ಆದರೆ ಮನೆಯಲ್ಲಿ ಯಾರಾದರೂ ನಿಂತು ನೋಡಿಕೊಳ್ಳಬೇಕು. ಅಂಗಡಿಗೆ ಹೋಗಿ ಬರುವುದರಲ್ಲೇ ಅರ್ಧ ದಿನ ಕಳೆದುಹೋಗುತ್ತದೆ.

ಪಾಯಿಂಟ್ ಲೆಕ್ಕ: ಒಂದು ನಲ್ಲಿಗೆ ಅಥವಾ ಒಂದು ಮಿಕ್ಸರ್‌ಗೆ ಇಷ್ಟು ಎಂದು. ಹೊಸ ಮನೆಗೆ ಇದು ಸರಿ. ರಿಪೇರಿ ಕೆಲಸದಲ್ಲಿ ಜಗಳಕ್ಕೆ ಮೂಲ, ಏಕೆಂದರೆ ತಾರಸಿಯಿಂದ ಇಳಿಯುವ ಉದ್ದದ ಲೈನ್ ಯಾವ ಪಾಯಿಂಟ್‌ಗೂ ಸೇರುವುದಿಲ್ಲ.

ಒಟ್ಟು ಗುತ್ತಿಗೆ, ಸಾಮಾನು ಸೇರಿ: ಕೇಳಲು ಹಗುರ. ಪೈಪು ಯಾವ ದರ್ಜೆಯದು, ವಾಲ್ವ್ ಹಿತ್ತಾಳೆಯದೋ ಪ್ಲಾಸ್ಟಿಕ್ಕೋ ಎಂಬುದನ್ನು ಬರೆಸಿಕೊಳ್ಳದಿದ್ದರೆ ಉಳಿತಾಯವೆಲ್ಲ ಅಲ್ಲೇ ಸೋರಿಹೋಗುತ್ತದೆ. ತಾರಸಿ ಕೆಲಸಕ್ಕೆ ನಮ್ಮ ಸಲಹೆ ಹೀಗಿದೆ: ಕೂಲಿಯನ್ನು ಒಟ್ಟಿಗೆ ಮಾತಾಡಿ, ಸಾಮಾನನ್ನು ಪ್ಲಂಬರ್ ಬರೆದುಕೊಟ್ಟ ಚೀಟಿ ಹಿಡಿದು ನೀವೇ ತನ್ನಿ. ಪೈಪು, ಫಿಟಿಂಗ್‌ಗಳ ಮೇಲೆ ಅಚ್ಚಾದ ಬೆಲೆ ಬೇರೆ, ಅಂಗಡಿಯವರು ಕೊಡುವ ಬೆಲೆ ಬೇರೆ. ಡಿಸ್ಕೌಂಟ್ ಕೇಳಿದವರಿಗೆ ಸಿಗುತ್ತದೆ. ಉಳಿದ ಫಿಟಿಂಗ್ ವಾಪಸ್ ತೆಗೆದುಕೊಳ್ಳುತ್ತಾರೆಯೇ ಎಂದು ಕೊಳ್ಳುವಾಗಲೇ ಕೇಳಿ. ಕತ್ತರಿಸಿದ ಪೈಪನ್ನು ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ಪೈಪಿನ ಆಯ್ಕೆ: ದಪ್ಪ ಇದ್ದಷ್ಟೂ ಒಳ್ಳೆಯದಲ್ಲ

ಬಿಸಿನೀರಿಗೆ ಮುಕ್ಕಾಲು ಇಂಚಿನ ಸಿಪಿವಿಸಿ, ಎಸ್‌ಡಿಆರ್ 11 ದರ್ಜೆ (ಪೈಪಿನ ಹೊರವ್ಯಾಸ ಅದರ ಗೋಡೆಯ ದಪ್ಪದ ಎಷ್ಟು ಪಟ್ಟು ಎಂಬ ಅಂಕಿ). ಎಸ್‌ಡಿಆರ್ 13.5 ಅಗ್ಗ, ಗೋಡೆ ತೆಳು. ತಣ್ಣೀರಿಗೆ ನಡೆಯುತ್ತದೆ, ಬಿಸಿಗೆ ಬೇಡ. ‘ಫೋರ್ಸ್ ಬರಲಿ’ ಎಂದು ಒಂದಿಂಚು ಹಾಕಿಸುವವರು ಈ ಲೆಕ್ಕ ನೋಡಿ. ಮುಕ್ಕಾಲು ಇಂಚಿನ ಪೈಪಿನ ಒಂದು ಮೀಟರಿನಲ್ಲಿ ಸುಮಾರು ಕಾಲು ಲೀಟರ್ ನೀರು ನಿಲ್ಲುತ್ತದೆ, ಒಂದಿಂಚಿನದರಲ್ಲಿ ಹೆಚ್ಚುಕಡಿಮೆ 430 ಮಿಲಿ ಲೀಟರ್. 60 ಅಡಿ ಲೈನಿಗೆ ಒಂದರಲ್ಲಿ ಸುಮಾರು 4.7 ಲೀಟರ್, ಇನ್ನೊಂದರಲ್ಲಿ 8 ಲೀಟರಿನ ಹತ್ತಿರ. ಬೆಳಿಗ್ಗೆ ನಲ್ಲಿ ತಿರುಗಿಸಿದಾಗ ಬಿಸಿನೀರು ಬರುವ ಮುಂಚೆ ಅಷ್ಟೂ ತಣ್ಣೀರು ಹರಿದು ಹೋಗಬೇಕು. ತಾರಸಿಯಿಂದ ಒಂದೇ ಮಹಡಿ ಕೆಳಗಿನ ಬಚ್ಚಲಿಗೆ ಮಾತ್ರ ಒಂದಿಂಚಿನ ಲೈನ್‌ಗೆ ಅರ್ಥವಿದೆ. ಅಲ್ಲಿ ನೀರಿನ ಒತ್ತಡವೇ ಕಡಿಮೆ. 10 ಅಡಿ ಎತ್ತರಕ್ಕೆ ಸಿಗುವುದು 0.3 ಬಾರ್ ಅಷ್ಟೇ.

ಸೋಲಾರ್ ಟ್ಯಾಂಕಿನ ಬಾಯಿಗೆ ನೇರವಾಗಿ ಸಿಪಿವಿಸಿ ಜೋಡಿಸಬೇಡಿ. ಈ ಪೈಪು ತಾಳುವುದು ಹೆಚ್ಚೆಂದರೆ 93 ಡಿಗ್ರಿ. ಮನೆಯವರೆಲ್ಲ ಊರಿಗೆ ಹೋಗಿ ನಾಲ್ಕು ದಿನ ನೀರು ಬಳಸದಿದ್ದರೆ ಗಾಜಿನ ಟ್ಯೂಬಿನ ಟ್ಯಾಂಕಿನಲ್ಲಿ ನೀರು ಕುದಿಯುವ ಮಟ್ಟಕ್ಕೆ ಬರುತ್ತದೆ. ಮೊದಲ ಆರರಿಂದ ಹತ್ತಡಿ ಜಿಐ ಪೈಪು ಹಾಕಿ, ಅಲ್ಲಿಂದ ಮುಂದೆ ಹಿತ್ತಾಳೆ ಥ್ರೆಡ್ಡಿನ ಅಡಾಪ್ಟರ್‌ನಿಂದ ಸಿಪಿವಿಸಿಗೆ ಬನ್ನಿ. ಪ್ಲಾಸ್ಟಿಕ್ ಥ್ರೆಡ್ಡಿನ ಅಡಾಪ್ಟರ್ ನೂರು ರೂಪಾಯಿ ಉಳಿಸುತ್ತದೆ, ಆದರೆ ಕಾದು ಆರಿ ಕಾದು ಆರಿ ಒಂದು ದಿನ ಬಿರುಕು ಬಿಡುತ್ತದೆ.

ಸಿಪಿವಿಸಿ ಬಿಸಿಗೆ ಉದ್ದವಾಗುತ್ತದೆ. 10 ಮೀಟರ್ ಪೈಪು 40 ಡಿಗ್ರಿ ಬಿಸಿಯಾದರೆ ಸುಮಾರು 27 ಮಿಲಿ ಮೀಟರ್. ಗೋಡೆಗುಂಟ ಬಿಗಿಯಾಗಿ ಕ್ಲಾಂಪ್ ಹೊಡೆದ ಉದ್ದನೆಯ ಲೈನ್ ಹಾವಿನಂತೆ ಸೊಟ್ಟಗಾಗುವುದು, ಎಲ್ಬೋ ಹತ್ತಿರ ಜಾಯಿಂಟ್ ಬಿಡುವುದು ಇದರಿಂದಲೇ. ನಡುವೆ ಒಂದು ‘ಯು’ ತಿರುವು ಕೊಡಬೇಕು. ಪೈಪು ಕ್ಲಾಂಪಿನೊಳಗೆ ಸರಿದಾಡುವಂತಿರಬೇಕು. ಹೊರಗಿನ ಲೈನಿಗೆಲ್ಲ ಕಪ್ಪು ನೈಟ್ರೈಲ್ ರಬ್ಬರ್ ಹೊದಿಕೆ ಹಾಕಿಸಿ, ಮೇಲೆ ಟೇಪು ಸುತ್ತಿಸಿ. ಶಾಖವೂ ಉಳಿಯುತ್ತದೆ, ಬಿಸಿಲಿನಿಂದ ಪೈಪಿಗೂ ರಕ್ಷಣೆ.

ಒಂದು ಮಾದರಿ ಲೆಕ್ಕ

30×40 ನಿವೇಶನದ ಮನೆ, ಕೆಳಗೆ ಮತ್ತು ಮೇಲೆ ಒಂದೊಂದು ಬಚ್ಚಲು, 200 ಲೀಟರಿನ ಗಾಜಿನ ಟ್ಯೂಬ್ ಸೋಲಾರ್. ಒಳಗೆ ಸಿಪಿವಿಸಿ ಇದೆ, ತಾರಸಿಯಿಂದ ಇಳಿಯುವ ಲೈನ್ ಇಲ್ಲ ಎಂದುಕೊಳ್ಳೋಣ.

- ಸೋಲಾರ್ ಯೂನಿಟ್: 30,000 (25 ಸಾವಿರದಿಂದ 40 ಸಾವಿರದವರೆಗೂ ಇವೆ)
- ಸಿಂಟೆಕ್ಸ್ ಎತ್ತರಿಸುವ ಕಬ್ಬಿಣದ ಸ್ಟ್ಯಾಂಡ್: 7,000
- ಮುಕ್ಕಾಲು ಇಂಚು ಸಿಪಿವಿಸಿ, 70 ಅಡಿ: 2,800
- ತಣ್ಣೀರಿಗೆ ಒಂದಿಂಚು ಪೈಪು, 20 ಅಡಿ: 1,200
- ಜಿಐ ಪೈಪು, 10 ಅಡಿ: 700
- ಹಿತ್ತಾಳೆ ಅಡಾಪ್ಟರ್, 6: 1,200
- ಎಲ್ಬೋ, ಟೀ, ಕ್ಲಾಂಪ್: 1,500
- ಬಾಲ್ ವಾಲ್ವ್, 5: 2,000
- ಎನ್‌ಆರ್‌ವಿ (ನೀರು ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್), 2: 1,000
- ಹೊದಿಕೆ, 60 ಅಡಿ: 1,500
- ಸಿಪಿವಿಸಿ ಗಮ್, ಟೆಫ್ಲಾನ್ ಟೇಪ್: 400
- ಕೋರ್ ಕಟಿಂಗ್, 2 ತೂತು: 1,600
- ಗಾರೆ ಕೆಲಸ, ಪೇಂಟ್ ಟಚಪ್: 2,500
- ಪ್ಲಂಬರ್ ಮತ್ತು ಹೆಲ್ಪರ್, 3 ದಿನ: 6,300

ಒಟ್ಟು 59,700. ಇದರಲ್ಲಿ ಪ್ಲಂಬರ್ ಕೂಲಿ ಹತ್ತರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಕೂಲಿಯಲ್ಲಿ ಐನೂರು ರೂಪಾಯಿಗೆ ಚೌಕಾಸಿ ಮಾಡಿ, ಸೋಲಾರನ್ನು ಬಚ್ಚಲಿಗೆ ಹತ್ತಿರದ ಮೂಲೆಯಲ್ಲಿ ಕೂರಿಸಬಹುದೇ ಎಂದು ಯೋಚಿಸದೆ ಇರುವವರೇ ಹೆಚ್ಚು. ಲೈನ್ 20 ಅಡಿ ಕಡಿಮೆಯಾದರೆ ಪೈಪು, ಹೊದಿಕೆ ಎರಡೂ ಸೇರಿ ಸಾವಿರಕ್ಕೂ ಮೇಲೆ ಉಳಿಯುತ್ತದೆ, ಜೊತೆಗೆ ಪ್ರತಿದಿನ ವ್ಯರ್ಥವಾಗುವ ನೀರೂ ಕಡಿಮೆಯಾಗುತ್ತದೆ. ಯೂನಿಟ್ ಬಿಲ್ಲಿನಲ್ಲಿ ಜಿಎಸ್‌ಟಿ ಗಮನಿಸಿ: 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ವಾಟರ್ ಹೀಟರ್‌ಗೆ ಶೇ 12ರ ಬದಲು ಶೇ 5.

ಈ ದುಡ್ಡು ವಾಪಸ್ ಬರುತ್ತದೆಯೇ? ದಿನಕ್ಕೆ 120 ಲೀಟರ್ ನೀರನ್ನು 30 ಡಿಗ್ರಿ ಕಾಯಿಸಲು ಸುಮಾರು 4.2 ಯೂನಿಟ್ ಬೇಕು. ಯೂನಿಟ್‌ಗೆ 7 ರೂಪಾಯಿ, ಒಳ್ಳೆಯ ಬಿಸಿಲಿನ ದಿನ ವರ್ಷಕ್ಕೆ 250 ಎಂದು ಹಿಡಿದರೆ ಉಳಿತಾಯ 7,350 ರೂಪಾಯಿ. ಅಂದರೆ ಎಂಟು ವರ್ಷ. ಮಾರುವವರು ಹೇಳುವ ‘ಮೂರೇ ವರ್ಷ ಸಾರ್’ ಲೆಕ್ಕದಲ್ಲಿ ಸ್ಟ್ಯಾಂಡೂ ಇಲ್ಲ, ಪೈಪೂ ಇಲ್ಲ.

ಗೃಹಜ್ಯೋತಿ ಇರುವ ಮನೆಗಳಿಗೆ ಲೆಕ್ಕ ಮತ್ತೂ ಬೇರೆ. ನಿಮ್ಮ ಬಳಕೆ ಉಚಿತ ಮಿತಿಯೊಳಗೇ ಇದ್ದರೆ ಸೋಲಾರ್‌ನಿಂದ ಬಿಲ್ಲಿನಲ್ಲಿ ಉಳಿಯುವುದು ಸೊನ್ನೆ. ಆದರೆ ಗೀಸರ್‌ನಿಂದಾಗಿ ತಿಂಗಳಿಗೆ 200 ಯೂನಿಟ್ ದಾಟುತ್ತಿದ್ದರೆ ಇಡೀ ಬಿಲ್ಲು ಕಟ್ಟಬೇಕಾಗುತ್ತದೆ. ಅಂಥ ಮನೆಗೆ ತಿಂಗಳಿಗೆ ನೂರು ಯೂನಿಟ್ ಇಳಿಸುವ ಸೋಲಾರ್ ಹೇಳಿಮಾಡಿಸಿದ್ದು. ಇಬ್ಬರೇ ಇರುವ, ಒಂದೇ ಬಚ್ಚಲಿನ ಮನೆಯವರು ಒಳ್ಳೆಯ 15 ಲೀಟರ್ ಗೀಸರ್ ಹಾಕಿಸಿ ಸುಮ್ಮನಿರಿ. ಹೀಟ್ ಪಂಪ್ (ಗಾಳಿಯಲ್ಲಿನ ಶಾಖ ಎಳೆದು ನೀರು ಕಾಯಿಸುವ ಯಂತ್ರ) ಬಿಸಿಲಿಲ್ಲದ ಜಾಗಕ್ಕೆ ಒಳ್ಳೆಯದು. ಗೀಸರ್‌ನ ಮೂರನೇ ಒಂದು ಭಾಗದಷ್ಟು ವಿದ್ಯುತ್ ಸಾಕು. ಬೆಲೆ ಲಕ್ಷದ ಆಸುಪಾಸು ಇರುವುದರಿಂದ ದೊಡ್ಡ ಕುಟುಂಬಕ್ಕೆ, ಪಿಜಿಗಳಿಗೆ ಮಾತ್ರ ಗಿಟ್ಟುತ್ತದೆ.

ಮೋಡದ ದಿನಕ್ಕೆ ಗೀಸರ್ ಜೋಡಿಸುವಾಗ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೋಲಾರ್ ಒಂದನ್ನೇ ನಂಬಿ ಕೂರಲಾಗದು. ಸೋಲಾರ್ ಲೈನನ್ನು ಗೀಸರ್‌ನ ಒಳಬಾಯಿಗೆ ಕೊಟ್ಟುಬಿಡುವುದು ಸುಲಭದ ದಾರಿ. ಆದರೆ ಗೀಸರ್‌ನ ಸೇಫ್ಟಿ ವಾಲ್ವ್‌ನೊಳಗೆ ಸ್ಪ್ರಿಂಗ್ ಇರುತ್ತದೆ. ಮೇಲಿನ ಮಹಡಿಯ ಕಡಿಮೆ ಒತ್ತಡದಲ್ಲಿ ಅದನ್ನು ತಳ್ಳಿಕೊಂಡು ಬರುವಷ್ಟರಲ್ಲಿ ನೀರು ಸಣ್ಣ ಧಾರೆಯಾಗಿರುತ್ತದೆ. ಹಾಗಾಗಿ ಬೈಪಾಸ್ ಹಾಕಿಸಿ: ಎರಡು ಟೀ, ಮೂರು ಬಾಲ್ ವಾಲ್ವ್. ಒಂದು ವಾಲ್ವ್ ಗೀಸರ್‌ಗೆ ಹೋಗುವ ದಾರಿಗೆ, ಒಂದು ಗೀಸರ್‌ನಿಂದ ಬರುವ ದಾರಿಗೆ, ಮೂರನೆಯದು ಗೀಸರ್ ಬಿಟ್ಟು ನೇರ ನಲ್ಲಿಗೆ. ಬೇಸಿಗೆಯಲ್ಲಿ ಮೂರನೆಯದನ್ನು ತೆರೆದು ಉಳಿದೆರಡನ್ನು ಮುಚ್ಚಿ, ಗೀಸರ್ ಸ್ವಿಚ್ ಆರಿಸಿಡಿ. ಮಳೆಗಾಲದಲ್ಲಿ ತಿರುಗಾಮುರುಗಾ. ವಾಲ್ವ್‌ಗಳ ಮೇಲೆ ಮಾರ್ಕರ್‌ನಲ್ಲಿ ‘ಬೇಸಿಗೆ’, ‘ಮಳೆ’ ಎಂದು ಬರೆಸಿ. ಇಲ್ಲದಿದ್ದರೆ ಆರು ತಿಂಗಳ ಮೇಲೆ ಯಾರಿಗೂ ನೆನಪಿರುವುದಿಲ್ಲ. ಗೀಸರ್ ಕಂಪನಿಯ ಪುಸ್ತಕದಲ್ಲಿ ಸೋಲಾರ್ ಜೋಡಣೆಗೆ ಅನುಮತಿ ಇದೆಯೇ ಎಂದು ಮೊದಲೇ ಓದಿಕೊಳ್ಳಿ.

ಪ್ರೆಶರ್ ಪಂಪ್ ಇರುವ ಮನೆ

ಪ್ಲಂಬರ್‌ಗಳೇ ಎಡವುವ ಜಾಗ ಇದು. ತಣ್ಣೀರಿನ ಲೈನಿಗೆ ಪ್ರೆಶರ್ ಪಂಪ್ ಇದ್ದು, ಸೋಲಾರ್ ಲೈನಿನ ನೀರು ಪಂಪಿಲ್ಲದೆ ತಾನಾಗಿ ಇಳಿಯುವಂತಿದ್ದರೆ, ಮಿಕ್ಸರ್ ತೆರೆದಾಗ ಒತ್ತಡದ ತಣ್ಣೀರು ಬಿಸಿನೀರಿನ ಪೈಪಿನೊಳಗೆ ನುಗ್ಗಿ ಮೇಲಕ್ಕೆ ಹತ್ತುತ್ತದೆ. ಸೋಲಾರ್ ಟ್ಯಾಂಕು ತುಂಬಿ, ಅದರ ಮೇಲೆ ಬಾಯಿ ತೆರೆದಿರುವ ಗಾಳಿಕೊಳವೆಯಿಂದ ಬಿಸಿನೀರು ತಾರಸಿಗೆ ಚೆಲ್ಲುತ್ತದೆ. ಕೆಳಗಿನವರಿಗೆ ಕಾಣುವುದು ‘ಸೋಲಾರ್ ಬಿಸಿಯಾಗ್ತಿಲ್ಲ’ ಎಂಬ ದೂರು ಮಾತ್ರ. ಹ್ಯಾಂಡ್ ಶವರ್ ತುದಿಯಲ್ಲಿ ಮುಚ್ಚಿ, ಮಿಕ್ಸರ್ ತೆರೆದೇ ಬಿಟ್ಟರೂ ಇದೇ ಕಥೆ, ಅದೂ ಇಡೀ ರಾತ್ರಿ.

ಪ್ರತಿ ಬಚ್ಚಲಿನ ಬಿಸಿನೀರಿನ ಲೈನಿಗೆ ಎನ್‌ಆರ್‌ವಿ ಹಾಕಿದರೆ ಹಿಮ್ಮುಖ ಹರಿವು ನಿಲ್ಲುತ್ತದೆ, ಆದರೆ ಒತ್ತಡದ ಅಸಮತೋಲ ಉಳಿಯುತ್ತದೆ. ಶವರ್‌ನಲ್ಲಿ ಬಿಸಿ ಬರುವುದೇ ಕಷ್ಟ. ಸರಿಯಾದ ದಾರಿ ಎರಡಕ್ಕೂ ಒಂದೇ ಒತ್ತಡ ಕೊಡುವುದು: ಒತ್ತಡ ತಾಳುವ ಪ್ರೆಶರೈಸ್ಡ್ ಸೋಲಾರ್, ಇಲ್ಲವೇ ಬಿಸಿನೀರಿನ ಲೈನಿಗೂ ಬಿಸಿ ತಾಳುವ ಒಂದು ಸಣ್ಣ ಪಂಪ್. ಸಾಮಾನ್ಯ ಸೋಲಾರ್ ಟ್ಯಾಂಕಿನ ಒಳಬಾಯಿಗೆ ಪಂಪಿನ ನೀರನ್ನು ನೇರ ಕೊಡಲು ಬಿಡಬೇಡಿ. ಒಳಟ್ಯಾಂಕು ಉಬ್ಬಿ ಸೀಳುತ್ತದೆ, ಗ್ಯಾರಂಟಿಯೂ ಹೋಗುತ್ತದೆ. ಗಾಳಿಕೊಳವೆಯ ತುದಿ ಸಿಂಟೆಕ್ಸ್‌ನ ನೀರಿನ ಮಟ್ಟಕ್ಕಿಂತ ಮೇಲಿರಬೇಕು, ಅದಕ್ಕೆ ಯಾವ ವಾಲ್ವೂ ಬೇಡ.

ಪರೀಕ್ಷೆ, ಆಮೇಲೆ ಕೊನೆಯ ಕಂತು

ಗಮ್ ಹಾಕಿದ ಸಿಪಿವಿಸಿ ಜಾಯಿಂಟನ್ನು ಅವತ್ತೇ ಬಿಸಿನೀರಿಗೆ ಒಡ್ಡಬಾರದು, ಒಂದು ರಾತ್ರಿ ಒಣಗಲಿ. ಗೋಡೆಯೊಳಗೆ ಹೋಗುವ ಲೈನಾದರೆ ಗಾರೆ ಮೆತ್ತುವ ಮುಂಚೆ ಪ್ರೆಶರ್ ಟೆಸ್ಟ್ ಮಾಡಿಸಿ: ಲೈನಿನ ಮಾಮೂಲಿ ಒತ್ತಡದ ಒಂದೂವರೆ ಪಟ್ಟು ಏರಿಸಿ, ಒಂದು ಗಂಟೆ ಒತ್ತಡದ ಮೀಟರಿನ ಮುಳ್ಳು ಇಳಿಯದೆ ನಿಂತಿರಬೇಕು. ಈ ಟೆಸ್ಟ್ ಬೇಕೆಂದು ಕೂಲಿ ಮಾತಾಡುವಾಗಲೇ ಹೇಳಿ. ಕೈ ಪಂಪು ಬಾಡಿಗೆಗೆ ತರಬೇಕಾಗುತ್ತದೆ.

ಗಾಜಿನ ಟ್ಯೂಬ್‌ಗಳಿಗೆ ಮೊದಲ ಸಲ ನೀರು ತುಂಬುವುದು ಬೆಳಕು ಹರಿಯುವ ಮುಂಚೆ ಅಥವಾ ಸಂಜೆ ತಣ್ಣಗಾದ ಮೇಲೆ. ಮಧ್ಯಾಹ್ನದ ಬಿಸಿಲಿನಲ್ಲಿ ಖಾಲಿ ಟ್ಯೂಬ್ ಒಳಗೆ ಕೆಂಡದಂತಿರುತ್ತದೆ, ತಣ್ಣೀರು ಬಿದ್ದ ಕ್ಷಣ ಸಿಡಿಯುತ್ತದೆ. ಮುರಿದ ಟ್ಯೂಬಿಗೆ ಗ್ಯಾರಂಟಿ ಸಿಗುವುದು ಅಪರೂಪ.

ದುಡ್ಡನ್ನು ಕಂತಿನಲ್ಲಿ ಕೊಡಿ. ಸಾಮಾನು ನೀವೇ ತಂದಿದ್ದರೆ ಅಡ್ವಾನ್ಸ್ ಹೆಚ್ಚು ಬೇಕಿಲ್ಲ. ಕೂಲಿಯ ಅರ್ಧವನ್ನು ಲೈನ್ ಮುಗಿದಾಗ ಕೊಡಿ, ಒಂದು ಭಾಗವನ್ನು ಟೆಸ್ಟ್ ಆದಮೇಲೆ. ಸಾವಿರ ರೂಪಾಯಿಯನ್ನಾದರೂ ಒಂದು ವಾರ ಉಳಿಸಿಕೊಳ್ಳಿ. ಬಿಸಿನೀರಿನ ಜಾಯಿಂಟ್‌ಗಳ ದೋಷ ಹೆಚ್ಚಾಗಿ ಕಾಣಿಸುವುದು ನಾಲ್ಕೈದು ಸಲ ಕಾದು ಆರಿದ ಮೇಲೆ. ಇದನ್ನು ಮೊದಲೇ ಹೇಳಿದ್ದರೆ ಒಳ್ಳೆಯ ಪ್ಲಂಬರ್ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಬೋರ್‌ವೆಲ್ ನೀರಿನ ಮನೆಯವರು ವರ್ಷಕ್ಕೊಮ್ಮೆಯ ಖರ್ಚನ್ನೂ ಈಗಲೇ ಕೇಳಿಟ್ಟುಕೊಳ್ಳಿ: ಟ್ಯೂಬ್ ಬಿಚ್ಚಿ ಕೆಸರು ತೊಳೆದು ರಬ್ಬರ್ ವಾಷರ್ ಬದಲಿಸಲು, ಗೀಸರ್ ಬಿಚ್ಚಿ ಸುಣ್ಣ ಕೆರೆದು ಆನೋಡ್ ರಾಡ್ (ಟ್ಯಾಂಕಿಗೆ ತುಕ್ಕು ಹಿಡಿಯದಂತೆ ಕಾಯುವ ಸರಳು) ನೋಡಲು ಎಷ್ಟು ಎಂದು. ಲೈನ್ ಹಾಕಿದ ಪ್ಲಂಬರೇ ಇದಕ್ಕೂ ಬರುತ್ತಾರಾದರೆ ಯಾವ ವಾಲ್ವ್ ಎಲ್ಲಿದೆ ಎಂದು ಹುಡುಕುವ ಹೊತ್ತು ಉಳಿಯುತ್ತದೆ. ಬರುವುದಿಲ್ಲ ಎಂದರೆ, ಗೋಡೆ ಮುಚ್ಚುವ ಮುಂಚೆ ಲೈನಿನ ಫೋಟೋ ತೆಗೆದು, ಪಕ್ಕದಲ್ಲಿ ಟೇಪು ಹಿಡಿದು ಅಳತೆ ಕಾಣುವಂತೆ ಇಟ್ಟುಕೊಳ್ಳಿ.